ಊಟದ ಮನೆಯ ದಾರಿಯ ಎರಡು ಗೆರೆ

೧೯೬೮ ಸೆಪ್ಟೆಂಬರ್ ೨೧, ಶನಿವಾರ

ಗೆದ್ದೆವು. ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ನೀಲಿ ಕೊಕ್ಕರೆಗಳು ಎದುರಾಳಿಗಳಿಗೆ ಮಣ್ಣು ಮುಕ್ಕಿಸಿ ಕಳಿಸಿದವು. ಆಟದ ಮಧ್ಯದ ಬಿಡುವಿನಲ್ಲಿ ನಮ್ಮ ಬ್ಯಾಂಡಿನವರು ಬಾರಿಸಿದ್ದಕ್ಕೆ ಜನ ಕೂರುವ ಹಲಗೆಯ ಮೆಟ್ಟಿಲುಗಳೇ ಕುಣಿದವು. ಅದಕ್ಕಷ್ಟೇ ಬಂದಿದ್ದವರು ಅದು ಮುಗಿದ ಕೂಡಲೇ ಹುರಿದ ಮೀನು ತಿನ್ನಲು ಎದ್ದು ಹೋದರು. ಪಾಪ, ಲಿಯೋಟಿಸ್ ಗ್ರೀರ್‌ನ ಆ ಎಸೆತ ಅವರಿಗೆ ತಪ್ಪಿಹೋಯಿತು.

ಇಬ್ಬರು ಅವನ ಸೊಂಟಕ್ಕೆ ಜೋತುಬಿದ್ದಿದ್ದರು. ಬೇರೆ ಯಾರಾದರೂ ಆಗಿದ್ದರೆ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಬೀಳುತ್ತಿದ್ದರು. ಇವನು ಬೀಳುತ್ತಲೇ ಎಸೆದ. ಚೆಂಡು ಅರ್ಧ ಮೈದಾನ ದಾಟಿ, ಓಡುತ್ತಿದ್ದ ಹುಡುಗನ ಕೈಯಲ್ಲಿ ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಹೋಗಿ ಕೂತಿತು. ನಮ್ಮ ಮುಖ್ಯ ಕೋಚ್ ಮೆರಿವೆದರ್ ಯಾರನ್ನೂ ಹೊಗಳಿದ ಮನುಷ್ಯನಲ್ಲ. ಅವರೂ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಟಾಲಿವರ್, ನೀನೂ ಇದೇ ಜಾಗದಲ್ಲಿ ಆಡಿದೋನು. ನಿನ್ನ ಕಾಲದಲ್ಲಿ ಹಿಂಗೆ ಎಸೆದಿದ್ಯೇನಯ್ಯಾ?" ಎಂದು ಸಹಾಯಕ ಕೋಚ್ ಆದ ನನ್ನನ್ನು ಕೇಳಿದರು.

"ಇಲ್ಲ ಕೋಚ್."

"ನಂಗೂ ಅಂಥದ್ದೇನೂ ನೆನಪಾಗ್ತಿಲ್ಲ ಬಿಡು."

ಡಿವಿಟ್ ಸೈಕ್ಸ್ ಬಂದಿದ್ದ. ಒಂದು ಕಾಲದಲ್ಲಿ ನಾನು ಎಸೆದ ಚೆಂಡನ್ನು ಹಿಡಿಯುತ್ತಿದ್ದವನು. ಈಗ ಉತ್ತರದ ಒಂದು ದೊಡ್ಡ ವೃತ್ತಿಪರ ತಂಡದ ಪರವಾಗಿ ದಕ್ಷಿಣದ ನಮ್ಮ ಕರಿಯರ ಕಾಲೇಜುಗಳನ್ನೆಲ್ಲ ಸುತ್ತಿ ಹುಡುಗರನ್ನು ಆರಿಸುತ್ತಾನೆ. ಒಳ್ಳೆ ಟೋಪಿ, ಒಳ್ಳೆ ಕಾರು. ನಾಳೆ ಊಟಕ್ಕೆ ಬಾ ಎಂದಿದ್ದೇನೆ.

ಸೆಪ್ಟೆಂಬರ್ ೨೨, ಭಾನುವಾರ

ನನ್ನ ಹೆಂಡತಿ ವರ್ನೀಸ್ ಚರ್ಚಿಗೆ ಹೋಗುವ ಮೊದಲೇ ಕೋಳಿ ಹುರಿದಿಟ್ಟಿದ್ದಳು. ಸೈಕ್ಸ್ ಮೂರು ಸಲ ಬಡಿಸಿಕೊಂಡ.

"ಹುಡುಗನ ತೋಳು ಚಿನ್ನ ಕಣೋ ಲಾನಿ," ಎಂದ, ಮೂಳೆ ಚೀಪುತ್ತ. "ಆದ್ರೆ ನಮ್ಮ ತಂಡದೋರಿಗೆ ಆ ಚಿನ್ನ ಬೇಡ. ಎಸೆಯೋ ಜಾಗಕ್ಕೆ ಅವರ ಹತ್ರ ಬಿಳಿ ಹುಡುಗ ಇದಾನೆ. ಅವನ ಕಾಲು ಮುರಿದ್ರೆ ಇನ್ನೊಬ್ಬ ಬಿಳಿ ಹುಡುಗ. ಅವನದೂ ಮುರಿದ್ರೆ ಮಾಲೀಕನ ಅಳಿಯ."

"ಮತ್ತೆ ಇಷ್ಟು ದೂರ ಯಾಕೆ ಬಂದೆ?"

"ಕಾಲು ನೋಡೋಕೆ. ಜೋರಾಗಿ ಓಡ್ತಾನೆ ಅಂದ್ರೆ, ಎದುರಾಳಿಗಳ ಬೆನ್ನಟ್ಟಿ ಎಸೆತ ತಡೆಯೋ ಜಾಗಕ್ಕೆ ತಗೊಳ್ತಾರೆ. ಒಂದೇ ಒಂದು ಸಲ ನಲವತ್ತು ಗಜ ಓಡ್ಲಿ, ಗಡಿಯಾರ ಹಿಡೀತೀನಿ. ಇಲ್ದಿದ್ರೆ ಅವನ ಹೆಸರು ಯಾರೂ ಎತ್ತಲ್ಲ. ಊರಿಗೆ ಹೋಗಿ ಹತ್ತಿ ಗಿರಣಿ ಸೇರ್ತಾನೆ."

"ಅವನು ಓಡಲ್ಲ. ನನ್ನ ಹತ್ರ ಮಾತು ತಗೊಂಡಿದಾನೆ."

ಹೌದು, ತೆಗೆದುಕೊಂಡಿದ್ದಾನೆ. ಆಗಸ್ಟಿನಲ್ಲಿ ಎಲ್ಲರನ್ನೂ ಓಡಿಸಿ ನಾನು ಗಡಿಯಾರ ಹಿಡಿದಾಗ ಇವನೊಬ್ಬ ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. "ಬೈಬೇಡಿ ಕೋಚ್. ನನ್ನ ಕಾಲು ಎಷ್ಟು ಜೋರು ಅಂತ ಒಂದು ಸಲ ಗೊತ್ತಾಯ್ತೋ, ನನ್ನ ತೋಳನ್ನ ಎಲ್ರೂ ಮರೀತಾರೆ. ನಮ್ಮ ಗೋಡೆ ನೋಡಿ." ವ್ಯಾಯಾಮ ಶಾಲೆಯ ಗೋಡೆಯ ಮೇಲೆ ನಮ್ಮ ಕಾಲೇಜಿನ ಮಹಾ ಆಟಗಾರರ ಫೋಟೋಗಳಿವೆ. ಅವರಲ್ಲಿ ಮೂವರು ಇಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದು ಉತ್ತರಕ್ಕೆ ಹೋದವರು. ಇಲ್ಲಿ ಪ್ರತಿ ಸಲ ಚೆಂಡು ಮೊದಲು ಬರುತ್ತಿದ್ದುದು ಅವರ ಕೈಗೆ. ಯಾರು ಎಲ್ಲಿಗೆ ಓಡಬೇಕು, ಯಾರಿಗೆ ಎಸೆಯಬೇಕು ಎಂದು ತೀರ್ಮಾನಿಸುತ್ತಿದ್ದವರು ಅವರು. ಅಲ್ಲಿ ಹೋದ ಮೇಲೆ ಮೂವರನ್ನೂ ಬೇರೆಯವರ ಹಿಂದೆ ಓಡುವ ಕೆಲಸಕ್ಕೆ ಹಾಕಿದರು. ಇಲ್ಲಿ ಏನಾಗಿದ್ದರು, ಅಲ್ಲಿ ಏನಾದರು ಎಂದು ಫೋಟೋಗಳ ಕೆಳಗೆ ನನ್ನದೇ ಅಕ್ಷರದಲ್ಲಿದೆ. ನನ್ನ ಫೋಟೋದ ಕೆಳಗೆ ಇಸವಿ ಮಾತ್ರ ಇದೆ. ನನ್ನ ಕಾಲದಲ್ಲಿ ನಮ್ಮವರನ್ನು ಯಾವ ಜಾಗಕ್ಕೂ ಕರೆಯುತ್ತಿರಲಿಲ್ಲ.

ಗಡಿಯಾರ ಹಿಡಿಯುವುದಿಲ್ಲ, ಯಾರಿಗೂ ಹಿಡಿಯಲು ಬಿಡುವುದಿಲ್ಲ ಎಂದು ಅವನ ಕೈ ಹಿಡಿದು ಹೇಳಿದ್ದೆ.

"ಮಾತು ದೊಡ್ಡದೋ, ಹುಡುಗನ ಬಾಳು ದೊಡ್ಡದೋ?" ಎಂದ ಸೈಕ್ಸ್. "ನಮಗೆ ಬಾಗಿಲೇ ಇರ್ಲಿಲ್ಲ ಲಾನಿ. ಇವನಿಗೆ ಹಿತ್ತಿಲ ಬಾಗಿಲಾದ್ರೂ ತೆರೆದಿದೆ."

ವರ್ನೀಸ್ ಸೊಪ್ಪಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಹಿತ್ತಿಲ ಬಾಗಿಲಿಂದ ಒಳಗೆ ಹೋದೋರು ಪಾತ್ರೆ ತೊಳೀತಾರೆ ಮಿಸ್ಟರ್ ಸೈಕ್ಸ್. ಅವರನ್ನ ಊಟಕ್ಕೆ ಕೂರ್ಸಲ್ಲ."

ಇವಳ ಬಾಯಿಗೆ ಎದುರಿಲ್ಲ. ಆದರೆ ಸೈಕ್ಸ್ ಹೇಳಿದ್ದರಲ್ಲಿ ತಪ್ಪೇನಿದೆ?

ಸೆಪ್ಟೆಂಬರ್ ೨೭, ಶುಕ್ರವಾರ

ಇವತ್ತು ಆಯಿತು.

ನಮ್ಮ ಹುಡುಗರಿಗೆ ಶುಕ್ರವಾರವೆಂದರೆ ಒಂದೇ ಕೆಲಸ. ಮರುದಿನ ಪಂದ್ಯವಿರುವುದರಿಂದ ಅಭ್ಯಾಸ ಹಗುರ. ಅದು ಮುಗಿದ ಕೂಡಲೇ ಮೈದಾನದ ಗೇಟಿನಿಂದ ಊಟದ ಮನೆಯವರೆಗೆ ಓಟ. ಅಡುಗೆಯ ಮಿಸ್ ಲೂವೀನಿಯಾ ಆ ಹೊತ್ತಿಗೆ ಸರಿಯಾಗಿ ಪೀಚ್ ಹಣ್ಣಿನ ಮೇಲೆ ಹಿಟ್ಟು ಹೊದಿಸಿ ಬೇಯಿಸಿದ ಸಿಹಿ ಕಾಬ್ಲರನ್ನು ಒಲೆಯಿಂದ ಇಳಿಸುತ್ತಾಳೆ. ಅವಳ ಜಾಲರಿ ಬಾಗಿಲನ್ನು ಮೊದಲು ಮುಟ್ಟಿದವನಿಗೆ ಮೂಲೆಯ ತುಂಡು. ಮೂಲೆಯ ತುಂಡಿಗೆ ಎರಡು ಕಡೆ ಗರಿಗರಿ ಅಂಚು ಇರುತ್ತದೆ. ಅದಕ್ಕಾಗಿ ಆಳೆತ್ತರದ ಗಂಡಸರು ಒಬ್ಬರ ಅಂಗಿ ಒಬ್ಬರು ಎಳೆಯುತ್ತಾರೆ. ವಾರವಿಡೀ ಬೇಕೆಂದೇ ಅರ್ಧ ವೇಗದಲ್ಲಿ ಓಡಾಡುವ ಲಿಯೋಟಿಸ್ ಅಲ್ಲಿ ಮಾತ್ರ ನಿಜವಾಗಿ ಓಡುತ್ತಾನೆ. ಅದು ಆಟವಲ್ಲವಲ್ಲ, ತಿಂಡಿಯ ವಿಷಯ.

ಬೆಳಿಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆದ ಮೇಲೆ ಗಾಡಿಯನ್ನು ಊಟದ ಮನೆಯ ದಾರಿಗೆ ತಳ್ಳಿಕೊಂಡು ಹೋದೆ. ಹುಲ್ಲಿನ ಮೇಲೆ ಅಡ್ಡಕ್ಕೆ ಎರಡು ಗೆರೆ ಎಳೆದೆ. ತೆಳ್ಳಗೆ, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ನಡುವೆ ನಲವತ್ತು ಗಜ. ಟೇಪು ಹಿಡಿದೇ ಅಳೆದೆ. ನಾನು ಎಳೆದ ಗೆರೆ ಎಂದೂ ಸೊಟ್ಟಗಾಗಿದ್ದಿಲ್ಲ.

ಸಂಜೆ ನಾನು ಹೇಳಿದ್ದ ಹಾಗೆ ಸೈಕ್ಸ್ ಪೆಕಾನ್ ಮರದ ಕೆಳಗೆ ಕಾರಿನಲ್ಲಿ ಕೂತಿದ್ದ. ಹುಡುಗರು ಹೋ ಎಂದು ಹೊರಟರು. ಲಿಯೋಟಿಸ್ ಎಲ್ಲರಿಗಿಂತ ಹಿಂದಿದ್ದ, ಆಮೇಲೆ ಎಲ್ಲರಿಗಿಂತ ಮುಂದಿದ್ದ. ಕ್ಯಾನ್ವಾಸ್ ಬೂಟು, ಒಂದು ಕೈಯಲ್ಲಿ ಟವೆಲು, ಹಿಂದೆ ತಿರುಗಿ ತಿರುಗಿ ಗೆಳೆಯರನ್ನು ರೇಗಿಸುತ್ತ ಓಡಿದ. ಅಷ್ಟು ಖುಷಿಯಾಗಿ ಓಡುವವನನ್ನು ನಾನು ನೋಡಿಲ್ಲ.

ಸೈಕ್ಸ್ ಗಡಿಯಾರ ತೋರಿಸಿದ. "ನಾಲ್ಕು ಪಾಯಿಂಟ್ ನಾಲ್ಕು ಸೆಕೆಂಡು! ಹಲ್ಲು ಕಿರೀತಾ ಓಡಿದಾನೆ ಕಣೋ! ನಿಂಗೆ ದೇವರು ಒಳ್ಳೇದು ಮಾಡ್ಲಿ ಲಾನಿ."

ಅವನ ಒಳ್ಳೆಯದಕ್ಕೇ ಮಾಡಿದ್ದು. ಬರೆದಿಟ್ಟಿರುತ್ತೇನೆ: ಅವನ ಒಳ್ಳೆಯದಕ್ಕೇ ಮಾಡಿದ್ದು.

ಸೆಪ್ಟೆಂಬರ್ ೨೮, ಶನಿವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ತಟ್ಟೆ, ಮೇಲೆ ಕರವಸ್ತ್ರ. ತೆಗೆದು ನೋಡಿದರೆ ಮೂಲೆಯ ತುಂಡು. ಲಿಯೋಟಿಸ್ ಬಾಗಿಲಿಗೆ ಒರಗಿ ನಿಂತಿದ್ದ.

"ನಿಮಗೆ ಅಂತ ಎತ್ತಿಟ್ಟೆ."

"ನಂಗ್ಯಾಕೋ? ಗೆದ್ದೋನು ನೀನು."

"ಸುಮ್ನೆ." ಸ್ವಲ್ಪ ಹೊತ್ತು ನಿಂತೇ ಇದ್ದ. "ಏನಾದ್ರೂ ಹೇಳೋದಿತ್ತಾ ಕೋಚ್?"

"ಏನಿಲ್ಲ. ಹೋಗು, ಕಾಲಿಗೆ ಪಟ್ಟಿ ಕಟ್ಟಿಸ್ಕೊ."

ಮೂರು ವರ್ಷದಲ್ಲಿ ಆ ಹುಡುಗ ತನ್ನ ಕಾಬ್ಲರನ್ನು ಯಾರ ಜೊತೆಗೂ ಹಂಚಿಕೊಂಡವನಲ್ಲ. ನನ್ನ ಮೇಲೆ ಅಷ್ಟು ಪ್ರೀತಿ. ಒಂದು ಚೂರು ಬಾಯಿಗಿಟ್ಟೆ, ಉಳಿದದ್ದಕ್ಕೆ ಮತ್ತೆ ಕರವಸ್ತ್ರ ಮುಚ್ಚಿದೆ. ಬ್ಯಾಂಡಿನ ದೊಡ್ಡ ಡ್ರಮ್ಮಿನವನಿಗೆ ಕೊಟ್ಟುಬಿಟ್ಟೆ.

ಪಂದ್ಯ ಗೆದ್ದೆವು.

ಅಕ್ಟೋಬರ್ ೪, ಶುಕ್ರವಾರ

ಶುಕ್ರವಾರದ ಓಟ ನಿಲ್ಲಿಸಿದೆ. ಯಾರದಾದರೂ ಕಾಲು ಉಳುಕಿದರೆ ಮರುದಿನದ ಪಂದ್ಯದ ಗತಿಯೇನು ಎಂದು ಮೆರಿವೆದರ್ ಅವರಿಗೆ ಹೇಳಿದೆ. "ಇಷ್ಟು ವರ್ಷ ಉಳುಕದೇ ಇರೋದು ಈಗ ಉಳುಕುತ್ತಾ?" ಎಂದರು. ಆದರೂ ಒಪ್ಪಿದರು. ಹುಡುಗರು ನನ್ನ ಮುಖ ನೋಡಿ ಕೊಕ್ಕರೆಯ ಹಾಗೆ ಕೂಗಿ ಅಣಕಿಸಿದರು. ಮಿಸ್ ಲೂವೀನಿಯಾ ಸೌಟು ಹಿಡಿದುಕೊಂಡೇ ಮೈದಾನಕ್ಕೆ ಬಂದಳು.

"ನನ್ನ ಕಾಬ್ಲರ್ ನಿನಗೇನು ಮಾಡಿತ್ತೋ ಟಾಲಿವರ್? ನೀನು ಹುಡುಗನಾಗಿದ್ದಾಗ ನನ್ನ ಜಾಲರಿ ಬಾಗಿಲನ್ನ ಕೀಲಿನಿಂದ ಕಿತ್ತು ಒಳಗೆ ಬಂದೋನು!"

"ಕಾಲು ಉಳುಕುತ್ತೆ ಮಿಸ್ ಲೂವೀನಿಯಾ."

"ಉಳುಕಿರೋದು ನಿನ್ನ ತಲೆ."

ಲಿಯೋಟಿಸ್ ಒಬ್ಬನೇ ಗಲಾಟೆ ಮಾಡಲಿಲ್ಲ. ಎಲ್ಲರೂ ಹೋದ ಮೇಲೆ ಬಂದ.

"ಇನ್ಮೇಲೆ ಓಡಬಾರ್ದಾ ಕೋಚ್?"

"ಬೇಡ."

"ಸರಿ. ಇನ್ನೇನಾದ್ರೂ?"

"ಇನ್ನೇನಿಲ್ಲ."

ಒಳ್ಳೆಯ ಹುಡುಗ. ಹೇಳಿದ ಮಾತು ಕೇಳುತ್ತಾನೆ. ಆಮೇಲೆ ಬಕೆಟ್ಟಿನಲ್ಲಿ ನೀರು ತೆಗೆದುಕೊಂಡು ಹೋಗಿ ಆ ದಾರಿಯ ಗೆರೆಗಳನ್ನು ತೊಳೆದೆ. ಸುಣ್ಣ ಹೋಯಿತು. ಕೆಳಗಿನ ಹುಲ್ಲು ಸುಟ್ಟಿದೆ.

ಅಕ್ಟೋಬರ್ ೧೦, ಗುರುವಾರ

ಪೇಪರನ್ನು ಎರಡು ಸಲ ಓದಿದೆ. ಪಶ್ಚಿಮದ ಒಂದು ತಂಡ ಕರಿಯ ಹುಡುಗನೊಬ್ಬನನ್ನು ಆ ಜಾಗದಲ್ಲಿ ನಿಲ್ಲಿಸಿ ಆಟ ಶುರು ಮಾಡಿಸಿದೆ. ಕ್ವಾರ್ಟರ್‌ಬ್ಯಾಕ್! ಅವನನ್ನೂ ಮೊದಲು ಬೆನ್ನಟ್ಟಿ ಓಡುವುದಕ್ಕೇ ತೆಗೆದುಕೊಂಡಿದ್ದರಂತೆ. ಅಂದ ಮೇಲೆ ನಾನು ಮಾಡಿದ್ದೇ ಸರಿಯಾಯಿತಲ್ಲ, ಹಾಗೆ ಒಳಗೆ ಹೋದವನೇ ಹೀಗೆ ಬಂದ. ಈ ಮಾತನ್ನು ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಂಡಷ್ಟೂ ಇನ್ನೊಂದು ಮಾತು ಏಳುತ್ತದೆ: ಕಾಲ ಬದಲಾಗುತ್ತಿದೆ ಎಂದರೆ, ನಾನು ಎರಡು ವಾರ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ?

ಹುಡುಗರು ಲಿಯೋಟಿಸ್‌ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಪೇಪರನ್ನು ಅವನ ತಲೆಗೆ ಟೋಪಿ ಮಾಡಿದ್ದರು. "ಮುಂದಿನ ವರ್ಷ ನೀನೇ ಕಣೋ!" ಅವನೂ ನಗುತ್ತಿದ್ದ. ನನ್ನನ್ನು ಕಂಡು ಟೋಪಿ ತೆಗೆದ.

ಅಕ್ಟೋಬರ್ ೨೬, ಶನಿವಾರ

ಇವತ್ತು ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಮರಳಿ ಬರುವ ದಿನ. ಬೆಳಿಗ್ಗೆಯೇ ಮೈದಾನದ ಸುತ್ತ ಹೊಗೆ, ಹಂದಿ ಪಕ್ಕೆಲುಬಿನ ಘಮ, ಹೆಂಗಸರ ಟೋಪಿಗಳು. ಬ್ಯಾಂಡಿನವರು ಈ ಸಲ ಸೊಂಟ ಮುರಿಯುವಷ್ಟು ಕುಣಿದರು.

ಪರ್ಸೆಲ್ ಬಂದಿದ್ದ. ಗೋಡೆಯ ಮೇಲಿನ ಮೂವರಲ್ಲಿ ಒಬ್ಬ. ಉತ್ತರದಲ್ಲಿ ಎರಡೇ ವರ್ಷಕ್ಕೆ ಮಂಡಿ ಹಾಳಾಗಿ ವಾಪಸು ಬಂದು ಈಗ ಶವಸಂಸ್ಕಾರದ ವಿಮೆ ಮಾರುತ್ತಾನೆ. ತನ್ನ ಫೋಟೋದ ಮುಂದೆ ಕೋಲೂರಿ ನಿಂತಿದ್ದ.

"ಟಾಲಿವರ್, ಇದರ ಕೆಳಗೆ ಬರೆದಿರೋದ್ರಲ್ಲಿ ಅರ್ಧ ಅಳಿಸ್ತೀಯಾ?"

"ಯಾವ ಅರ್ಧ?"

"ಅಲ್ಲೀದು."

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಲಿಯೋಟಿಸ್‌ನ ತಾಯಿ ಮಿಸ್ ಆರ್ಸೀಲಿಯಾ ಅವರ ಚರ್ಚಿನ ಬಸ್ಸಿನಲ್ಲಿ ಬಂದಿದ್ದಳು. ನೇರಳೆ ಟೋಪಿ, ಕೈಯಲ್ಲಿ ಪೇರು ಹಣ್ಣಿನ ಮುರಬ್ಬದ ಜಾಡಿ. ಅದನ್ನು ನನ್ನ ಕೈಯಲ್ಲಿಟ್ಟು ಮೇಲಿಂದ ತನ್ನ ಎರಡೂ ಕೈ ಮುಚ್ಚಿದಳು.

"ನೀವು ಅವನಿಗೆ ಮಾತು ಕೊಟ್ಟಿದೀರಂತಲ್ಲ, ಅದಕ್ಕೆ. ನಮ್ಮ ಚರ್ಚಲ್ಲಿ ಎಲ್ರಿಗೂ ಹೇಳಿದೀನಿ ಕೋಚ್, ನನ್ನ ಮಗ ಎಸೆಯೋನು ಅಂತ. ಬೇರೆಯೋರ ಹಿಂದೆ ನಮ್ಮ ಅಪ್ಪ ಓಡಿದ, ನನ್ನ ಗಂಡ ಓಡಿದ, ನಾನೂ ಓಡಿದೆ. ಇವನೊಬ್ಬ ನಿಂತ್ಕೊಂಡು ಎಸೀಲಿ."

"ಎಸೀತಾನೆ ಮಿಸ್ ಆರ್ಸೀಲಿಯಾ," ಎಂದೆ. ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ.

ಜಾಡಿ ಅಡುಗೆಮನೆಯ ಶೆಲ್ಫಿನ ಮೇಲಿದೆ. ತೆಗೆಯಬೇಡ ಎಂದು ವರ್ನೀಸ್‌ಗೆ ಹೇಳಿದ್ದೇನೆ. ಯಾಕೆ ಎಂದು ಕೇಳಿದಳು, ಸಕ್ಕರೆ ಜಾಸ್ತಿ ಎಂದೆ. "ನೀನು ಯಾವತ್ತಿಂದ ಸಕ್ಕರೆಗೆ ಹೆದರ್ತೀಯ?" ಎಂದಳು.

ನವೆಂಬರ್ ೬, ಬುಧವಾರ

ಓಟ ಅಳೆಯುವ ಗಡಿಯಾರ ಮತ್ತೆ ಮನೆಯಲ್ಲೇ ಬಿಟ್ಟು ಬಂದೆ. ಈ ವಾರ ಎರಡನೇ ಸಲ. ವಯಸ್ಸಾಯಿತು.

ಪರ್ಸೆಲ್‌ನ ಫೋಟೋದ ಕೆಳಗಿನ ಅರ್ಧ ಸಾಲು ಅಳಿಸಿದೆ. ಯಾರೂ ಗಮನಿಸಲಿಲ್ಲ.

ನವೆಂಬರ್ ೨೪, ಭಾನುವಾರ

ಕೊನೆಯ ಪಂದ್ಯ ನಿನ್ನೆ ಮುಗಿಯಿತು. ಲಿಯೋಟಿಸ್‌ನನ್ನು ಜನ ಮೈದಾನದ ಸುತ್ತ ಹೊತ್ತು ತಿರುಗಿದರು.

ಇವತ್ತು ಸೈಕ್ಸ್‌ಗೆ ಫೋನ್ ಮಾಡಿದೆ. ಆ ಓಟದ ವಿಷಯ ಯಾರಿಗೂ ಹೇಳಬೇಡ, ತೋಳಿನ ವಿಷಯ ಮಾತ್ರ ಹೇಳು ಎಂದೆ.

"ಈಗ ಹೇಳ್ತೀಯಲ್ಲ! ಅದು ಸೆಪ್ಟೆಂಬರಲ್ಲೇ ಹೋಗಿದೆ ಮಾರಾಯ. ನಮ್ಮ ಸಾಹೇಬ್ರು ಕುಣಿದಾಡಿದಾರೆ."

"ಎಸೆಯೋ ಜಾಗಕ್ಕೆ ಅವನನ್ನ ಒಂದು ಸಲ ಪರೀಕ್ಷೆ ಮಾಡಿ ನೋಡೋಕೆ ಹೇಳು."

"ಲಾನಿ, ನನ್ನ ಕೆಲಸ ಹೋಗುತ್ತೆ. ನೀನು ಆರಾಮಾಗಿರು. ಹುಡುಗನಿಗೆ ದಾರಿ ಆಯ್ತು. ನಮಗೇನು ಆಗಿತ್ತು ಹೇಳು?"

ನಮಗೇನೂ ಆಗಿರಲಿಲ್ಲ. ಫೋನ್ ಇಟ್ಟ ಮೇಲೆ ಅದೇ ಮಾತು ಹಿಡಿದುಕೊಂಡು ಕೂತೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ನಾನೂ ಚೆನ್ನಾಗಿಯೇ ಎಸೆಯುತ್ತಿದ್ದೆ. ನನ್ನ ತೋಳನ್ನಾಗಲಿ ಕಾಲನ್ನಾಗಲಿ ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಆಮೇಲೆ ಯುದ್ಧ ಬಂತು, ಫ್ರಾನ್ಸಿನಲ್ಲಿ ಲಾರಿ ಓಡಿಸಿದೆ. ಅಂದು ಬೆಳಿಗ್ಗೆ ಆ ದಾರಿಯಲ್ಲಿ ಟೇಪು ಹಿಡಿದು ಬಗ್ಗಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ? ನನಗೆ ಸಿಗದ ಜಾಗ ಇವನಿಗೂ ಸಿಗದಿದ್ದರೆ ಏನೂ ಮುಳುಗುವುದಿಲ್ಲ ಎಂದು ಒಳಗೆ ಒಬ್ಬ ಕೂತು ಹೇಳುತ್ತಿರಲಿಲ್ಲವೇ? ಹೊಟ್ಟೆಕಿಚ್ಚು ಎಂದು ಬರೆಯಲು ನಾಚಿಕೆಯಾಗುತ್ತದೆ. ಬರೆದೆ.

೧೯೬೯ ಜನವರಿ ೨೮, ಮಂಗಳವಾರ

ಉತ್ತರದ ತಂಡಗಳು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುವ ದಿನ. ಬೆಳಗಿನಿಂದ ಮೆರಿವೆದರ್ ಅವರ ಕೋಣೆಯಲ್ಲಿ ಫೋನಿನ ಸುತ್ತ ಅರ್ಧ ಕಾಲೇಜೇ ನೆರೆದಿತ್ತು. ಮಿಸ್ ಲೂವೀನಿಯಾ ಬಿಸ್ಕತ್ತು ತಂದು ಎಲ್ಲರ ಬಾಯಿ ಕಟ್ಟಿದ್ದಳು. ಲಿಯೋಟಿಸ್ ತನ್ನ ಚರ್ಚಿನ ಸೂಟು ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದ.

ಮಧ್ಯಾಹ್ನ ಫೋನ್ ಬಂತು. ಮೆರಿವೆದರ್ "ಹೂಂ, ಹೂಂ" ಎಂದರು, ಕೆಳಗಿಟ್ಟರು.

"ಸೈಕ್ಸ್‌ನ ತಂಡ. ತಗೊಂಡಿದಾರೆ."

ಛಾವಣಿ ಹಾರಿಹೋಗುವ ಹಾಗೆ ಕೂಗಿದರು. ಮುದುಕ ಮೆರಿವೆದರ್ ಕೈ ಎತ್ತಿ ಸುಮ್ಮನಿರಿಸಿದರು.

"ಬೆನ್ನಟ್ಟಿ ತಡೆಯೋ ಜಾಗಕ್ಕೆ."

ಬಿಸ್ಕತ್ತು ಅಗಿಯುತ್ತಿದ್ದವನೊಬ್ಬ ಅಗಿಯುವುದನ್ನು ನಿಲ್ಲಿಸಿದ.

"ನಾನು ಓಡ್ತೀನಿ ಅಂತ ಅವರಿಗೆ ಹೆಂಗೆ ಗೊತ್ತಾಯ್ತು?" ಎಂದು ಲಿಯೋಟಿಸ್ ಕೇಳಿದ. ಕೇಳಿದ್ದು ಎಲ್ಲರನ್ನೂ, ನೋಡಿದ್ದು ನನ್ನನ್ನು.

"ಪಂದ್ಯದ ಫಿಲ್ಮು ನೋಡಿ ಅಂದಾಜು ಮಾಡಿರ್ತಾರೆ," ಎಂದೆ.

"ಇರಬಹುದು," ಎಂದ. ಸೂಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. "ಇನ್ನೇನಾದ್ರೂ ಕೋಚ್?"

ನಾನು ತಲೆಯಾಡಿಸಿದೆ. ಇಲ್ಲ ಎಂದು ತಲೆಯಾಡಿಸಿದೆ. ಥೂ.

ಜನವರಿ ೩೦, ಗುರುವಾರ

ಕೆನಡಾದಲ್ಲಿ ಒಂದು ತಂಡಕ್ಕೆ ನಮ್ಮವರು ಎಸೆದರೂ ಅಡ್ಡಿಯಿಲ್ಲವಂತೆ. ಅಲ್ಲಿ ಆಡುತ್ತಿರುವ ನಮ್ಮ ಹಳೆಯ ಹುಡುಗನೊಬ್ಬ ಮೆರಿವೆದರ್ ಅವರಿಗೆ ಹೇಳಿದ್ದಾನೆ. ಫಿಲ್ಮು ಕಳಿಸಬೇಕು. "ನೀನೇ ಆರಿಸು," ಎಂದರು ಮುದುಕ. "ಇಡೀ ವರ್ಷದ್ದು ಬೇಡ, ಅವರಿಗೆ ಪುರುಸೊತ್ತಿರಲ್ಲ."

ಎರಡು ದಿನದಿಂದ ಕತ್ತರಿಸಿ ಅಂಟಿಸುತ್ತಿದ್ದೇನೆ. ಮೈಯೆಲ್ಲ ಅಂಟಿನ ವಾಸನೆ. ನಿಂತು ಎಸೆದದ್ದು, ಬೀಳುತ್ತ ಎಸೆದದ್ದು, ಮೂವರು ಮೇಲೆ ಬಿದ್ದಾಗ ಎಸೆದದ್ದು, ಎಲ್ಲವನ್ನೂ ಇಟ್ಟೆ. ಅವನು ಚೆಂಡು ಹಿಡಿದು ಓಡಿದ್ದು ಒಂದನ್ನೂ ಇಡಲಿಲ್ಲ. ಒಂದೇ ಒಂದು ಬಹಳ ಚೆನ್ನಾಗಿತ್ತು, ಅದನ್ನೂ ಬಿಸಾಡಿದೆ.

ವರ್ನೀಸ್ ಹಿಟ್ಟಿನ ಡಬ್ಬಿಯ ಹಿಂದೆ ನನ್ನ ಗಡಿಯಾರ ಸಿಕ್ಕಿತು ಎಂದು ತಂದುಕೊಟ್ಟಳು. ಅಲ್ಲಿಗೆ ಹೇಗೆ ಹೋಯಿತೋ. ಅಲ್ಲೇ ಇರಲಿ ಎಂದೆ. ಅವಳು ನನ್ನ ಎದುರು ಕೂತಳು.

"ನೀನೇನು ಮಾಡಿದೀಯ ಅಲಾಂಜೋ?"

ಅವಳು ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುವುದು ಯಾರಾದರೂ ಸತ್ತಾಗ ಮಾತ್ರ. ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ಮುರಬ್ಬದ ಜಾಡಿಯನ್ನು ಇನ್ನೂ ಮೇಲಿನ ಶೆಲ್ಫಿಗಿಟ್ಟಳು, ನನ್ನ ಕೈಗೆ ಎಟುಕದ ಕಡೆ.

"ನಂಗೆ ಹೇಳಿದ್ರೆ ಏನು ಬಂತು?" ಎಂದಳು.

ಫೆಬ್ರವರಿ ೮, ಶನಿವಾರ

ಲಿಯೋಟಿಸ್ ಇವತ್ತು ಹೊರಟ. ಕೆನಡಾದವರು ಬಾ ಎಂದಿದ್ದಾರೆ. ಸೈಕ್ಸ್‌ನ ತಂಡ ಕೊಡುವ ಹಣದ ಅರ್ಧವೂ ಇಲ್ಲ, ಬಂದು ಎಸೆದು ತೋರಿಸು, ಆಮೇಲೆ ನೋಡೋಣ ಎಂಬ ಮಾತು ಬೇರೆ. ಅದೇ ಸಾಕು ಎಂದಳಂತೆ ತಾಯಿ.

ವರ್ನೀಸ್ ದಾರಿಗೆ ಬೂಟಿನ ಡಬ್ಬಿಯಲ್ಲಿ ಕೋಳಿ, ಕೇಕು, ಬೇಯಿಸಿದ ಮೊಟ್ಟೆ ತುಂಬಿ ದಾರ ಕಟ್ಟಿಕೊಟ್ಟಳು. ಅದನ್ನು ಹಿಡಿದು ಹೋದೆ. ಅವನು ಮೈದಾನದ ಗೇಟಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಸೂಟ್‌ಕೇಸು, ಕಂಕುಳಲ್ಲಿ ಚೆಂಡು. ಡಬ್ಬಿ ಕೊಟ್ಟೆ. ತೆಗೆದುಕೊಂಡ. ಕಾದ. ಅವನು ಕಾಯುತ್ತಿದ್ದಾನೆ ಎಂಬುದು ಇವತ್ತು ನನಗೆ ಕಾಣಿಸಿತು.

"ಲಿಯೋಟಿಸ್, ನಾನು ಕೊಟ್ಟ ಮಾತು ಮುರಿದೆ. ಸೈಕ್ಸ್‌ಗೆ ನಿನ್ನ ಓಟ ತೋರಿಸಿದ್ದು ನಾನು. ಶುಕ್ರವಾರದ ಓಟದಲ್ಲಿ, ಈ ದಾರೀಲಿ. ಗೆರೆ ಎಳೆದಿದ್ದೂ ನಾನೇ."

"ಹೂಂ."

"ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಬಾಗಿಲು ಮುಟ್ಟಿ ಬಗ್ಗಿ ನೋಡಿದ್ರೆ ಬೂಟಿಗೆ ಸುಣ್ಣ. ಹಿಂದೆ ನಡ್ಕೊಂಡು ಬಂದು ನೋಡ್ದೆ. ಈ ಜಿಲ್ಲೇಲಿ ಅಷ್ಟು ನೆಟ್ಟಗೆ ಗೆರೆ ಎಳೆಯೋರು ಇನ್ಯಾರಿದಾರೆ ಕೋಚ್?"

"ಮತ್ತೆ ನನ್ನನ್ನ ಕೇಳ್ಲಿಲ್ಲ ಯಾಕೋ?"

"ಕೇಳ್ದೆ. ಎಷ್ಟು ಸಲ ಕೇಳ್ದೆ."

ತಟ್ಟೆಯಲ್ಲಿಟ್ಟ ಮೂಲೆಯ ತುಂಡು. ಏನಾದ್ರೂ ಹೇಳೋದಿತ್ತಾ. ಇನ್ನೇನಾದ್ರೂ. ಇನ್ನೇನಾದ್ರೂ ಕೋಚ್. ಗೇಟು ಹಿಡಿದುಕೊಂಡೆ. ಕ್ಷಮಿಸು ಎಂದೆ. ಅವನು ಗೇಟಿನಿಂದ ಇಳಿದು, ಕೋಟು ಬಿಚ್ಚಿ ಸೂಟ್‌ಕೇಸಿನ ಮೇಲಿಟ್ಟು, ಊಟದ ಮನೆಯ ಕಡೆ ಗದ್ದ ತೋರಿಸಿದ.

"ಓಡಿ."

"ಯಾರು, ನಾನಾ? ನಂಗೆ ಐವತ್ತು ಕಣೋ."

"ಗಡಿಯಾರ ಹಿಡಿಯಲ್ಲ, ಹೆದರ್ಬೇಡಿ. ಓಡಿ. ನೀವು ಏನನ್ನ ಮಾರಿದ್ರಿ ಅಂತ ನಿಮಗೆ ಗೊತ್ತಿರ್ಲಿ."

ಓಡಿದೆ. ಟೋಪಿ ಬಿತ್ತು, ಬಿಟ್ಟೆ. ಮೊದಲನೇ ಗೆರೆ ದಾಟಿದೆ. ಅಲ್ಲಿ ಹುಲ್ಲು ಇನ್ನೂ ಬಂದಿಲ್ಲ, ಮಣ್ಣು ಕಾಣುತ್ತದೆ. ಎದೆ ಕುಲುಮೆಯಾಗಿತ್ತು. ತಿರುಗಿ ನೋಡಲು ಕತ್ತು ಹೊರಳಿಸಿದೆ.

"ತಿರುಗ್ಬೇಡಿ!" ಎಂದು ಹಿಂದಿನಿಂದ ಕೂಗಿದ. "ಓಡ್ತಾ ಇರಿ. ಕೈ ಚಾಚಿ ಸಾಕು."

ಎರಡನೇ ಗೆರೆ ದಾಟಿ ಕೈ ಚಾಚಿದೆ. ಚೆಂಡು ನನ್ನ ಹೆಗಲ ಮೇಲಿಂದ ಬಂದು ಎರಡು ಅಂಗೈ ನಡುವೆ ಕೂತಿತು. ನಾನು ಹಿಡಿಯಲಿಲ್ಲ, ಅದೇ ಬಂದು ಕೂತಿತು. ಒಂದು ಹೆಜ್ಜೆ ಹಿಂದಲ್ಲ, ಒಂದು ಹೆಜ್ಜೆ ಮುಂದಲ್ಲ. ಮೂರು ವರ್ಷ ಅವನ ತೋಳನ್ನು ಪಕ್ಕದಲ್ಲಿ ನಿಂತು ನೋಡಿದ್ದೆ, ಒಂದು ದಿನವೂ ಅವನು ಎಸೆದದ್ದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅಂಗೈ ಬಡಿದ ಸದ್ದಿಗೆ ಮಿಸ್ ಲೂವೀನಿಯಾ ಜಾಲರಿ ಬಾಗಿಲಿಗೆ ಬಂದಳು.

"ಬಾಗಿಲು ಮುಟ್ಟೋ ಟಾಲಿವರ್! ಇಲ್ಲಿ ತನಕ ಬಂದು ನಿಂತ್ಯಲ್ಲ!"

ನಾನು ಮುಟ್ಟಲಿಲ್ಲ. ಚೆಂಡು ಹಿಡಿದು ಆ ಎರಡು ಗೆರೆಗಳನ್ನು ದಾಟಿಕೊಂಡು ವಾಪಸು ನಡೆದೆ. ಅವನು ಕೋಟು ಹಾಕಿಕೊಂಡು ಕೈ ಚಾಚಿ ನಿಂತಿದ್ದ. ಚೆಂಡನ್ನು ಅವನ ಕೈಯಲ್ಲಿಟ್ಟೆ. ಕಂಕುಳಲ್ಲಿ ಇರುಕಿಕೊಂಡು ಬಸ್ಸಿನ ಕಡೆ ಹೋದ, ನಿಧಾನಕ್ಕೆ, ಒಂದು ಸಲವೂ ಓಡದೆ.

ಅಂಗೈ ಇನ್ನೂ ಉರಿಯುತ್ತಿದೆ. ವರ್ನೀಸ್ ಬೆಣ್ಣೆ ಹಚ್ಚುತ್ತೇನೆ ಎಂದಳು. ಬೇಡ ಎಂದೆ.